ಕರಿಕಲ್ಲಿನ ನೆರಳು ಬಿಚ್ಚದ ದಿನ

ಬಿಸಿಲಿಗೆ ಬೀಗ ಹಾಕಿದ ಊರಿನಲ್ಲಿ ಸಂಡಿಗೆ ಒಣಗಿಸುವುದಕ್ಕೂ ಅರ್ಜಿ ಕೊಡಬೇಕಾಗುತ್ತದೆ ಎಂಬುದು ಕರಿಕಲ್ಲು ಎಂಬ ಊರಿಗೆ ನೆರಳು ಕಟ್ಟಿದ ಮಹಾನುಭಾವರಿಗೆ ಹೊಳೆದಿರಲಿಲ್ಲ. ಅವರಿಗೆ ಹೊಳೆಯದಿದ್ದದ್ದು ಇನ್ನೂ ಬಹಳವಿತ್ತು. ಆದರೂ ನೆರಳನ್ನಂತೂ ಕಟ್ಟಿದರು. ಎಡೆದೊರೆ ಸೀಮೆಯ ಆ ಊರಿನಲ್ಲಿ ದಸರೆಯ ಕಾಲಕ್ಕೂ ಮಧ್ಯಾಹ್ನ ಹೊರಗೆ ನಿಂತ ಎಮ್ಮೆ ನಿಂತಲ್ಲೇ ಕುಸಿಯುವಂಥ ದಿನಗಳು ಬಂದಾಗ, ಊರಿನ ಉದ್ದಗಲಕ್ಕೂ ಉಕ್ಕಿನ ಕಂಬ ನೆಟ್ಟು, ಕಂಬದಿಂದ ಕಂಬಕ್ಕೆ ತಂತಿ ಎಳೆದು, ತಂತಿಗೆ ಬಿಳಿಯ ಹಾಯಿಗಳನ್ನು ಕಟ್ಟಿದರು. ಸೂರ್ಯ ಮೇಲೇರುವ ಮುಂಚೆ ಹಾಯಿಗಳು ಬಿಚ್ಚಿಕೊಂಡು ಊರನ್ನು ಮುಚ್ಚಬೇಕು. ಮುಳುಗಿದ ಮೇಲೆ ಮಡಚಿಕೊಂಡು ಹಗಲಿನ ಕಾವನ್ನು ಆಕಾಶಕ್ಕೆ ಬಿಟ್ಟುಕೊಡಬೇಕು. ಅಷ್ಟೂ ಹಾಯಿಗಳ ಮೋಟಾರುಗಳಿಗೆ ಹೊತ್ತುಹೊತ್ತಿಗೆ ಅಪ್ಪಣೆ ಕೊಡುತ್ತಿದ್ದುದು ನೆರಳು ಮಂಡಳಿಯ ನಿಯಂತ್ರಣ ಕೋಣೆಯಲ್ಲಿದ್ದ ಒಂದೇ ಒಂದು ಲಿನಕ್ಸ್ ಯಂತ್ರ.

ನೆರಳು ಬಂದ ಮೇಲೆ ಊರಿನ ರೀತಿಯೇ ಬೇರೆಯಾಯಿತು. ಹಾಯಿಯ ಕೆಳಗೆ ಏಸಿ ಹಾಕಿದರೆ ಅದು ಉಗುಳುವ ಬಿಸಿಗಾಳಿ ಅಲ್ಲಲ್ಲೇ ಸುತ್ತುತ್ತದೆ ಎಂದು ಏಸಿಗೆ ನಿಷೇಧ ಬಿತ್ತು. ಛತ್ರಿ ಮಾರುವವರು ಬೇರೆ ಊರು ನೋಡಿಕೊಂಡರು. ನೆತ್ತಿಯ ಮೇಲಿನ ಸೂರ್ಯನನ್ನು ಮಕ್ಕಳು ಪಾಠದ ಪುಸ್ತಕದಲ್ಲಿ ನೋಡಿದರು. ಹೆಂಗಸರು ಮಾತ್ರ ಮೆಣಸಿನಕಾಯಿ, ಸಂಡಿಗೆ, ಹಪ್ಪಳಗಳ ದುಃಖ ಮರೆಯಲಿಲ್ಲ. ಮಂಡಳಿಗೆ ಅರ್ಜಿ ಹಾಕಿ, ಊರಾಚೆಯ ಕಣದ ಮೇಲೆ ಒಂದೇ ಒಂದು ಹಾಯಿ ಸರಿಸುವ ದಿನಕ್ಕಾಗಿ ಕಾದು, ಅಲ್ಲಿ ಜಾಗಕ್ಕಾಗಿ ಜುಟ್ಟು ಹಿಡಿದು ಜಗಳವಾಡಿ ಬರುತ್ತಿದ್ದರು.

ಆ ಯಂತ್ರದ ಒಳಹೊರಗು ಬಲ್ಲವಳು ಮಂಡಳಿಯಲ್ಲಿ ಸುಗಂಧಾ ಮಾಲಿಪಾಟೀಲ ಒಬ್ಬಳೇ. ಇದನ್ನು ಬೇರೆಯವರು ಹೇಳಬೇಕಾಗಿರಲಿಲ್ಲ, ಅವಳೇ ಹೇಳುತ್ತಿದ್ದಳು. ಅವಳ ಕಣ್ಣಿಗೆ ನಿರ್ದೇಶಕ ಮಲ್ಲರೆಡ್ಡಿ ಕೋಟು ತೊಡಿಸಿದ ಕುಂಬಳಕಾಯಿ. ಆಪರೇಟರ್ ಮೌಲಾಸಾಬ, ಊದಿನಕಡ್ಡಿ ಹಚ್ಚುವುದಕ್ಕೇ ಸಂಬಳ ಪಡೆಯುವ ಪ್ರಾಣಿ. ಊರ ಜನರೆಂದರೆ ನೆರಳಲ್ಲಿ ಕೂತು ನೆರಳನ್ನೇ ಬೈಯುವ ಜಾತಿ. ಯಾರಾದರೂ ಮಾತು ಶುರುಮಾಡಿದರೆ ಅದು ಮುಗಿಯುವ ತನಕ ಕೇಳಿಸಿಕೊಳ್ಳುವುದು ಅವಳ ಲೆಕ್ಕದಲ್ಲಿ ಆಯುಷ್ಯ ಹಾಳು.

ಅವಳು ಸಸಾರವಾಗಿ ನೋಡದಿದ್ದ ಮನುಷ್ಯನೆಂದರೆ ಗಂಡ ಚನ್ನಬಸವ. ಮೊದಲ ಹಾಯಿಗಳನ್ನು ತಂತಿಗೆ ಕಟ್ಟಿದ ತಂಡದವನು ಅವನು. ಕಟ್ಟುವಾಗಲೇ ಮೇಲಿಂದ ಬಿದ್ದು ಬೆನ್ನುಹುರಿಗೆ ಏಟಾಯಿತು. ಎದೆಯಿಂದ ಕೆಳಗೆ ಅವನ ಮೈಗೆ ಸ್ಪರ್ಶ ಹೋಯಿತು, ಜೊತೆಗೆ ಬೆವರೂ ಹೋಯಿತು. ಬೆವರದ ಮೈ ಕಾವನ್ನು ಹೊರಹಾಕುವುದಿಲ್ಲ, ಕೋಣೆ ಕಾದಷ್ಟೂ ಮೈ ಕಾಯುತ್ತದೆ. ಮಿಕ್ಕವರಿಗೆ ಧಗೆ ಎನಿಸಿದ್ದು ಅವನಿಗೆ ಜ್ವರ. ಒಂದು ಹಗಲು ನೆರಳು ತಪ್ಪಿದರೆ ಅವನು ಆ ಹಗಲನ್ನು ದಾಟಲಾರ ಎಂದು ಡಾಕ್ಟರು ಬಿಡಿಸಿ ಹೇಳಿದ್ದರು. ಅದಕ್ಕಾಗಿಯೇ ಸುಗಂಧಾ ಮಂಡಳಿಯ ಅಂಗಳದಾಚೆಯ ಕ್ವಾರ್ಟರ್ಸ್ ಬಿಟ್ಟು ಕದಲಿರಲಿಲ್ಲ. ಅದಕ್ಕಾಗಿಯೇ ಯಂತ್ರವನ್ನು ಯಾವ ಕಾರಣಕ್ಕೂ ಆರಿಸಬಾರದೆಂದು ಸುತ್ತೋಲೆಯ ಮೇಲೆ ಸುತ್ತೋಲೆ ಹೊರಡಿಸುತ್ತಿದ್ದಳು. ಸುತ್ತೋಲೆಗಳು ನಿಯಂತ್ರಣ ಕೋಣೆಯ ಗೋಡೆಯ ಮೇಲೆ ಇದ್ದೇ ಇದ್ದವು, ಅವುಗಳ ಮೊಳೆಗೆ ಮೌಲಾಸಾಬ ಚೆಂಡುಹೂವಿನ ಹಾರ ನೇತುಹಾಕುತ್ತಿದ್ದ.

ವಿಜಯದಶಮಿಯ ಬೆಳಗು, ಸುಗಂಧಾ ಗಂಡನಿಗೆ ಚಹಾ ಕುಡಿಸುತ್ತಿದ್ದಾಗ ಫೋನು ಬಂತು.

"ಅಕ್ಕಾರ, ಲಗೂನ ಬರ್ರಿ. ಮಷೀನು ಎದ್ದದ, ಆದ್ರ ಎದ್ದು ಕುಂತದ್ದು ಕುಂತಂಗ ಅದ. ಹಾಯಿ ಒಂದೂ ಅಲುಗವಲ್ವು" ಎಂದ ಮೌಲಾಸಾಬ.

"ಎದ್ದದ ಅಂದ್ರ? ಮಲಗಿಸಿದವರು ಯಾರು?"

"ನಿನ್ನಿ ಆಯುಧ ಪೂಜಿ ಇತ್ತಲ್ರೀ..."

ಮುಂದಿನದನ್ನು ಕೇಳಲು ಅವಳು ನಿಲ್ಲಲಿಲ್ಲ. ಹಬ್ಬವೆಂದು ಹಿಂದಿನ ದಿನ ಅವಳು ರಜೆ ಹಾಕಿದ್ದಳು. ಒಂದೇ ಒಂದು ದಿನ.

ನಿಯಂತ್ರಣ ಕೋಣೆ ಮದುವೆ ಮುಗಿದ ಛತ್ರದಂತಿತ್ತು. ಬಾಗಿಲಿಗೆ ಬಾಳೆಕಂದು, ಹೊಸ್ತಿಲಿಗೆ ಒಡೆದ ಬೂದುಗುಂಬಳ, ಯಂತ್ರದ ನೆತ್ತಿಗೆ ವಿಭೂತಿ. ಕೀಬೋರ್ಡಿನ ಕೀಲಿಗಳ ಸಂದಿಯಲ್ಲಿ ಕುಂಕುಮ. ಮೂಲೆಯ ಮೇಜಿಗೆ ಕೆಂಪು ಬಟ್ಟೆ ಹಾಸಿ ಸ್ಪ್ಯಾನರು, ಇಕ್ಕಳ, ಟೆಸ್ಟರು, ಹಳೆಯ ಸ್ಕ್ರೀನು, ಏಣಿಯ ಒಂದು ಕಾಲು, ಸಿಕ್ಕಿದ್ದನ್ನೆಲ್ಲ ಗುಡ್ಡೆ ಹಾಕಿ ಹೂವಿನಲ್ಲಿ ಮುಚ್ಚಿದ್ದರು. ಎದುರು ಗೋಡೆಯ ಮೇಲೆ ಸಿನಿಮಾ ಪರದೆಯಷ್ಟು ದೊಡ್ಡ ಹೊಸ ಸ್ಕ್ರೀನು. ಮಂಡಳಿಯ ಅಧ್ಯಕ್ಷರು ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳಲೆಂದೇ ಮಲ್ಲರೆಡ್ಡಿ ಅದನ್ನು ತರಿಸಿದ್ದ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು.

"ಸುಗಂಧಾ ಅವರ, ಸಿಟ್ಟಾಗಬ್ಯಾಡ್ರಿ" ಎಂದ ಮಲ್ಲರೆಡ್ಡಿ. "ಆಯುಧ ಅಂದಮ್ಯಾಲ ಅದಕ್ಕೂ ವರ್ಷಕ್ಕ ಒಂದಿನ ವಿಶ್ರಾಂತಿ ಕೊಡಬೇಕಲ್ರೀ. ನಮ್ಮಪ್ಪನ ಕಾಲದಾಗ ಟ್ರ್ಯಾಕ್ಟರ್ ಸುದ್ದಾ ಅವತ್ತ ಹೊಲಕ್ಕ ಹೋಗ್ತಿದ್ದಿಲ್ಲ."

"ನಿಮ್ಮಪ್ಪನ ಟ್ರ್ಯಾಕ್ಟರ್ ನಂಬಿ ಊರ ಮಂದಿ ಬದುಕಿದ್ದಿಲ್ಲ, ಸರ್."

ಆಗಿದ್ದು ಇಷ್ಟು. ಸಂಜೆ ಹಾಯಿಗಳು ಮಡಚಿಕೊಂಡ ಮೇಲೆ ಇವರು ಯಂತ್ರವನ್ನು ಆರಿಸಿ, ಆರತಿ ಎತ್ತಿ, ಮಂಡಕ್ಕಿ ಹಂಚಿ ಮನೆಗೆ ಹೋಗಿದ್ದರು. ಬೆಳಿಗ್ಗೆ ಗುಂಡಿ ಒತ್ತಿದಾಗ ಎದ್ದು ಬಂದದ್ದು ಬೇರೆ ಆವೃತ್ತಿ. ತಿಂಗಳುಗಳ ಹಿಂದೆಯೇ ಲಿನಕ್ಸಿನ ಹೊಸ ಆವೃತ್ತಿಯೊಂದು ತಾನಾಗಿ ಇಳಿದು ಒಳಗೆ ಕೂತಿತ್ತು. ಯಂತ್ರ ಮಲಗದಿದ್ದುದರಿಂದ ಅದಕ್ಕೆ ಏಳುವ ಅವಕಾಶ ಸಿಕ್ಕಿರಲಿಲ್ಲ. ಈಗ ಸಿಕ್ಕಿತು. ಎದ್ದ ಹೊಸಬನಿಗೆ ಹಳೆಯ ಮೋಟಾರುಗಳ ಗುರುತಿಲ್ಲ. ಮೋಟಾರುಗಳಿಗಾಗಿ ಕಾಯುತ್ತಿದ್ದೇನೆ ಎಂದು ದೊಡ್ಡ ಪರದೆಯ ಮೇಲೆ ಒಂದು ಸಾಲು ಬರೆದು ನಿಂತುಬಿಟ್ಟಿತ್ತು. ಅದರೊಳಗೆ ಹೊಕ್ಕು ಏನಾದರೂ ತಿದ್ದೋಣವೆಂದರೆ ಬಾಗಿಲೂ ತೆರೆಯಲಿಲ್ಲ. ಹಾಯಿಗಳನ್ನು ಕೈಯಿಂದ ತಿರುಗಿಸುವ ಚಕ್ರಗಳಿದ್ದ ಕಾಲವೊಂದಿತ್ತು, ಜಾಗ ತಿನ್ನುತ್ತವೆ ಎಂದು ಮಲ್ಲರೆಡ್ಡಿಯೇ ಅವನ್ನು ಗುಜರಿಗೆ ಹಾಕಿಸಿದ್ದ.

ಸುಗಂಧಾಗೆ ಗಾಬರಿಯಾಗಲಿಲ್ಲ. ಯಂತ್ರ ಏಳುವಾಗ ಎಲ್ಲಕ್ಕಿಂತ ಮೊದಲು ಕಣ್ಣು ಬಿಡುವ ಪುಟ್ಟ ಪ್ರೋಗ್ರಾಂ ಒಂದಿದೆ, ಬೂಟ್‌ಲೋಡರ್ ಎಂದು. ಹೊಸದನ್ನು ಎಬ್ಬಿಸಲೋ, ಹಳೆಯದನ್ನೋ ಎಂದು ಒಂದು ಮೆನು ತೋರಿಸಿ ಕೇಳುವುದಷ್ಟೇ ಅದರ ಕೆಲಸ. ಅರ್ಧ ನಿಮಿಷ ಕಾಯುತ್ತದೆ, ಯಾರೂ ಏನೂ ಹೇಳದಿದ್ದರೆ ಹೊಸದನ್ನು ಎಬ್ಬಿಸುತ್ತದೆ. ಮೆನುವಿನಲ್ಲಿ ಹಳೆಯದನ್ನು ಆಯ್ದುಕೊಂಡರೆ ಮುಗಿಯಿತು. ಮಗುವೂ ಮಾಡುವ ಕೆಲಸ. ಇವರಿಂದ ಮಾತ್ರ ಆಗದು.

"ಅಕ್ಕಾರ, ಹಳೇ ಸ್ಕ್ರೀನು ತಗದು..." ಎಂದು ಮೌಲಾಸಾಬ ಬಾಯಿ ತೆರೆದ.

"ಸ್ಕ್ರೀನಿನ ಪುರಾಣ ಆಮ್ಯಾಲ ಹೇಳು. ಮೊದ್ಲ ಈ ಕೀಬೋರ್ಡಿನ ಕುಂಕುಮ ಒರಸು."

ಅವನು ಬಾಯಿ ಮುಚ್ಚಿಕೊಂಡು ಒರೆಸಿದ. ಅವಳು ಯಂತ್ರವನ್ನು ಆರಿಸಿ ಮತ್ತೆ ಹಚ್ಚಿದಳು. ಫ್ಯಾನುಗಳು ಹೂಂಕರಿಸಿದವು. ದೊಡ್ಡ ಪರದೆ ಕಪ್ಪಗಿತ್ತು. ಕಪ್ಪಗೇ ಇತ್ತು. ಆಮೇಲೆ ಸೀದಾ ಹೊಸ ಆವೃತ್ತಿಯ ಅದೇ ಸಾಲು. ಮೆನು ಬರಲೇ ಇಲ್ಲ.

ಮೆನು ತೋರಿಸಬೇಡ, ಕಾಯಲೂ ಬೇಡ ಎಂದು ಬೂಟ್‌ಲೋಡರ್‌ಗೆ ಬರೆದಿಡಲಿಕ್ಕೆ ಬರುತ್ತದೆ. ಆಗ ಅದು ಬಾಯಿಮುಚ್ಚಿಕೊಂಡು ಮೊದಲನೆಯದನ್ನೇ ಎಬ್ಬಿಸುತ್ತದೆ. ಸುಗಂಧಾ ಹಾಗೆ ಬರೆದಿರಲಿಲ್ಲ. ಅಂದಮೇಲೆ ಯಾರೋ ಕೈಯಾಡಿಸಿದ್ದಾರೆ.

"ಪಾಸ್‌ವರ್ಡ್ ಯಾರಿಗ ಕೊಟ್ಟೀರಿ, ಸರ್?"

"ನನ್ನ ಮಕ್ಕಳಾಣಿ, ಪಾಸ್‌ವರ್ಡ್ ಏನಂತ ನನಗ ಗೊತ್ತಿಲ್ಲ."

ಇದು ನಿಜವಿರಬಹುದು ಎಂದು ಅವಳಿಗೂ ಅನಿಸಿತು. ಅಷ್ಟು ನೆನಪಿಟ್ಟುಕೊಳ್ಳುವ ತಲೆಯೇ ಅದಲ್ಲ. ಬಚ್ಚಿಟ್ಟ ಮೆನುವನ್ನು ಶಿಫ್ಟ್ ಕೀಲಿ ಒತ್ತಿಹಿಡಿದು ಹೊರಗೆಳೆಯಬಹುದು. ಒತ್ತಿ ಹಿಡಿದಳು. ಬರಲಿಲ್ಲ. ಕುಂಕುಮ ಒಳಗಿಳಿದು ಕೀಲಿ ಕೆಟ್ಟಿದೆ ಎಂದು ಉಗ್ರಾಣದಿಂದ ಬೇರೆ ಕೀಬೋರ್ಡ್ ತರಿಸಿದಳು. ಸಿಕ್ಕಸಿಕ್ಕ ಕೀಲಿ ಒತ್ತಿದಳು. ಈ ಸಲ ಯಂತ್ರ ಮುಂದಕ್ಕೇ ಹೋಗಲಿಲ್ಲ, ಕಪ್ಪು ಪರದೆಯಲ್ಲೇ ನಿಂತಿತು. ಎಷ್ಟು ಕಾದರೂ ನಿಂತೇ ಇತ್ತು. "ಸತ್ತಿತು ಇದು" ಎಂದು ಬೈದು ಕರೆಂಟು ತೆಗೆದಳು. ಹೊಸ ಪರದೆ ಮೈಭಾರದ್ದು, ಅದು ಕಣ್ಣು ಬಿಡುವಷ್ಟರಲ್ಲಿ ಮೆನು ಬಂದು ಹೋಗಿರಬೇಕು ಎಂದು ಪರದೆಯನ್ನು ಮೊದಲೇ ಹಚ್ಚಿಟ್ಟು ನೋಡಿದಳು. ಅದೇ ಕಪ್ಪು. ಪೆನ್‌ಡ್ರೈವಿನಿಂದ ಎಬ್ಬಿಸೋಣವೆಂದರೆ ಅದನ್ನು ಆಯ್ದುಕೊಳ್ಳುವ ಪುಟವೂ ಕಾಣಲಿಲ್ಲ. ಒಂದಲ್ಲ, ಎರಡು ಪುಟ ಒಟ್ಟಿಗೇ ಮಾಯವಾಗಿವೆ ಎಂಬುದೇ ಸಾಕಾಗಬೇಕಿತ್ತು ಅವಳಿಗೆ. ಆದರೆ ತಲೆಯ ತುಂಬ ಮಲ್ಲರೆಡ್ಡಿಯ ಕೋಟು, ಬೂದುಗುಂಬಳ, ಮಂಡಕ್ಕಿಗಳೇ ಇದ್ದವು.

ಹೊರಗೆ ಗದ್ದಲ ಎದ್ದಿತು. ಕಿಟಕಿಯಿಂದ ಬಗ್ಗಿ ನೋಡಿದಳು. ಹುಟ್ಟಿದ ಸೂರ್ಯ ಕಂಬಗಳ ಮೇಲಿಂದ ನೇರವಾಗಿ ಓಣಿಗೆ ಇಳಿದಿದ್ದ. ಹೆಂಗಸರು ಮಾಳಿಗೆಗಳ ಮೇಲೆ ಹಬ್ಬದ ಸೀರೆಯಲ್ಲೇ ಚಾಪೆ ಬಿಡಿಸುತ್ತಿದ್ದರು. "ಬಿಸಿಲು ಬಿಟ್ಟಾರಬೇ, ಅರ್ಜಿ ಇಲ್ದನ ಬಿಟ್ಟಾರ!" ಎಂದು ಒಬ್ಬಳು ಕೂಗಿದಳು. ಎಲ್ಲರ ಕೈಯಲ್ಲೂ ಮೆಣಸಿನಕಾಯಿಯ ಮೊರ. ಇನ್ನೊಂದು ತಾಸಿಗೆ ಇದೇ ಬಿಸಿಲು ಇವರ ಚರ್ಮ ಸುಲಿಯುತ್ತದೆ ಎಂದು ಗೊತ್ತಿಲ್ಲದ ಮಂಗಗಳು! ಸುಗಂಧಾ ಮತ್ತೆ ಯಂತ್ರದ ಗುಂಡಿ ಒತ್ತಿ, ಅದು ತನ್ನ ಒಳಗನ್ನೆಲ್ಲ ತಾನೇ ತಪಾಸಣೆ ಮಾಡಿಕೊಳ್ಳುವಷ್ಟರಲ್ಲಿ ಬರುತ್ತೇನೆಂದು ಮನೆಗೆ ಓಡಿದಳು. ಅವಳ ಮನೆಯ ಮಲಗುವ ಕೋಣೆಯ ಕಿಟಕಿ ಮೂಡಣಕ್ಕೇ ಇತ್ತು.

ಬಿಸಿಲು ಮಂಚದ ಕಾಲಿಗೆ ಬಂದಿತ್ತು. ಚನ್ನಬಸವನ ಮುಖ ಕೆಂಪಾಗಿತ್ತು, ತುಟಿ ಒಣಗಿತ್ತು. ಥರ್ಮಾಮೀಟರ್ ನೂರೊಂದು ದಾಟಿತ್ತು. ಅವಳು ಕಿಟಕಿಗೆ ಕಂಬಳಿ ಜಡಿದು, ಹಚ್ಚಡ ತೋಯಿಸಿ ಅವನ ಮೈಗೆ ಸುತ್ತಿದಳು.

"ಏನಾತು, ನಿನ್ನ ಕುಂಭಕರ್ಣ ಎದ್ದನೇನು?" ಎಂದ ಅವನು. ದನಿ ಸಣ್ಣಗಾಗಿತ್ತು.

"ಎದ್ದಾನ. ಮೆನು ಕಾಣವಲ್ದು. ಆ ಕುಂಕುಮದಿಂದ ಕೀಬೋರ್ಡ್ ಕೆಟ್ಟದ ಅಂತ ಬದಲಿ ಮಾಡಿದೆ. ಆ ಹಾಳ ಪರದಿನ..."

"ಕುಣೀಲಿಕ್ಕ ಬರದಾಕಿ ನೆಲ ಡೊಂಕು ಅಂದಿದ್ಲಂತ."

"ರೀ, ನಗಬ್ಯಾಡ್ರಿ. ನಿಮ್ಮ ಮೈ ಸುಡಲಿಕ್ಕತ್ತದ."

ಅವನು ನಗುವುದನ್ನು ಬಿಟ್ಟ. ಅವಳ ಒದ್ದೆ ಕೈಯನ್ನು ತನ್ನ ಕೆನ್ನೆಗೆ ಒತ್ತಿಕೊಂಡ. ಹನ್ನೆರಡರ ಬಿಸಿಲಿನ ಹೊತ್ತಿಗೆ ಈ ಕೆನ್ನೆ ಹೇಗಿರುತ್ತದೆ ಎಂದು ಯೋಚಿಸಿದಾಗ ಸುಗಂಧಾಗೆ ಅಳು ಬಂತು. ಅತ್ತು ಅವಳಿಗೆ ಅಭ್ಯಾಸವಿರಲಿಲ್ಲ.

"ಹೋಗು, ಇಲ್ಲಿ ಕುಂತ್ರ ಏನೂ ಆಗೂದಿಲ್ಲ" ಎಂದ ಅವನು. "ಹೋಗೂವಾಗ ಆ ಟಿವಿ ಆರಿಸು. ಮೆರವಣಿಗಿ ನೋಡಾಕಂತ ಬೆಳಿಗ್ಗೆ ನೀನ ಹಚ್ಚಿದ್ದಿ. ನಾ ಇಲ್ಲಿ ಬಿದ್ದೀನಿ, ಅದು ಅಲ್ಲಿ ಪಡಸಾಲ್ಯಾಗ ಹೋದ ವರ್ಷದ ಆನಿ ಅಂಬಾರಿ ಎಲ್ಲಾ ಗ್ವಾಡಿಗೆ ತೋರಿಸ್ಕೊಂತ ಕುಂತದ."

ಸುಗಂಧಾ ಪಡಸಾಲೆಗೆ ಬಂದಳು. ಖಾಲಿ ಕುರ್ಚಿಗಳ ಮುಂದೆ ಟಿವಿಯಲ್ಲಿ ಬಣ್ಣಬಣ್ಣದ ಮೆರವಣಿಗೆ ಸಾಗುತ್ತಿತ್ತು. ಯಾರೂ ನೋಡುತ್ತಿರಲಿಲ್ಲ, ಆದರೂ ಅದು ತೋರಿಸುತ್ತಲೇ ಇತ್ತು. ರಿಮೋಟ್ ಎತ್ತಿಕೊಂಡವಳು ಅಲ್ಲೇ ನಿಂತಳು.

ಮೆನು ಬರುತ್ತಿದೆ! ಯಾರೂ ಇಲ್ಲದ ಕಡೆ ಬರುತ್ತಿದೆ. ಯಂತ್ರದ ಬೆನ್ನಿಗೆ ಸ್ಕ್ರೀನಿನ ತಂತಿ ಸಿಕ್ಕಿಸುವ ಎರಡು ಕಿಂಡಿಗಳಿದ್ದವು. ಅಗಲ ಬಾಯಿಯ ಹಳೆಯ ಕಿಂಡಿಯೇ ಅದರ ಮೊದಲ ಕಣ್ಣು. ಬೂಟ್‌ಲೋಡರ್ ಬಲ್ಲದ್ದು ಅದೊಂದನ್ನೇ. ನಿನ್ನೆಯ ತನಕ ಹಳೆಯ ಸ್ಕ್ರೀನು ಇದ್ದದ್ದೂ ಅಲ್ಲೇ. ಹೊಸ ಕಿಂಡಿಗೆ ಜೀವ ಬರುವುದು ಲಿನಕ್ಸ್ ಅರ್ಧ ಎದ್ದು ಕೂತ ಮೇಲೆ. ಮಲ್ಲರೆಡ್ಡಿಯ ಪರದೆ ಹೊಸ ಕಿಂಡಿಗೆ ಜೋತುಕೊಂಡಿತ್ತು, ಅದರ ತಂತಿ ಹಳೆಯ ಕಿಂಡಿಗೆ ಕೂರುವುದೂ ಇಲ್ಲ. ಹಾಗಾದರೆ ಕೀಲಿ ಒತ್ತಿದಾಗ ಯಂತ್ರ ಸತ್ತಿರಲಿಲ್ಲ. ಅವಳು ಬಂದಳೆಂದು ತಿಳಿದು, ಎಣಿಕೆ ನಿಲ್ಲಿಸಿ, ಯಾವುದು ಬೇಕು ತಾಯಿ ಎಂದು ಕೇಳುತ್ತ ಕಾದು ನಿಂತಿತ್ತು. ಅವಳು ಅದರ ಕರೆಂಟು ತೆಗೆದಿದ್ದಳು.

ಪಕ್ಕದ ಮಾಳಿಗೆಯ ಮೇಲೆ ಮೆಣಸಿನಕಾಯಿ ಹರವುತ್ತಿದ್ದ ಶಂಕ್ರಮ್ಮನನ್ನು ಕೂಗಿ, "ಅದನ್ನ ಬಿಟ್ಟು ಬರ್ರಿ, ನಮ್ಮನಿಯವರ ಮೈಮ್ಯಾಲಿನ ಹಚ್ಚಡಕ್ಕ ನೀರು ಹಾಕ್ಕೊಂತ ಕುಂದರ್ರಿ" ಎಂದು ಹೇಳಿ ಸುಗಂಧಾ ಅಂಗಳ ದಾಟಿದಳು. ಕಾಲ ಕೆಳಗಿನ ಕಲ್ಲು ಆಗಲೇ ಸುಡುತ್ತಿತ್ತು.

ಹಳೆಯ ಸ್ಕ್ರೀನು ಕೆಂಪು ಬಟ್ಟೆಯ ಮೇಲೆ ಹಾರ ಹಾಕಿಸಿಕೊಂಡು, ವಿಭೂತಿ ಬಳಿಸಿಕೊಂಡು ಕೂತಿತ್ತು. ಅವಳು ಕೈ ಹಾಕಿದಳು. ಮಲ್ಲರೆಡ್ಡಿ ಅಡ್ಡ ಬಂದ.

"ಅಯ್ಯಯ್ಯೋ, ಏನು ಮಾಡ್ತೀರಿ! ಪೂಜಿಗಿಟ್ಟ ಆಯುಧ ಅಲುಗಿಸಬಾರದು. ಅಧ್ಯಕ್ಷರು ಬಂದು ಆರತಿ ಎತ್ತಿ ಬನ್ನಿ ಕೊಟ್ಟಮ್ಯಾಲನ ತೆಗೀಬೇಕು. ಅವರು ಹೊಂಟಾರ, ಇನ್ನೇನು..."

"ಅಧ್ಯಕ್ಷರು ಬರೂತನಕ ಊರು ಹಪ್ಪಳ ಆಗಿರ್ತದ. ಮೆನು ಈ ಸ್ಕ್ರೀನಿನಾಗಷ್ಟ ಕಾಣ್ತದ, ಸರೀರಿ."

"ಕುರುಡಾಗಿ ಬಾಣದ ಗುರುತಿನ ಕೀಲಿ ಒತ್ತಿದ್ರ ಆಗೂದಿಲ್ಲೇನು? ನೀವ ಎಲ್ಲಾ ಬಲ್ಲವರು!"

ಆಗುವಂತಿರಲಿಲ್ಲ. ಮೆನುವಿನಲ್ಲಿ ಎಲ್ಲ ಅಳಿಸಿ ಹೊಸದಾಗಿ ಶುರುಮಾಡುವ ಸಾಲೂ ಒಂದಿತ್ತು, ಹೊಸ ಆವೃತ್ತಿ ಬಂದಾಗ ಸಾಲುಗಳು ಮೇಲೆ ಕೆಳಗೆ ಆಗಿರುತ್ತವೆ. ಇದನ್ನು ಕುಂಬಳಕಾಯಿಗೆ ವಿವರಿಸುವ ಬದಲು ಅವಳು ಸ್ಕ್ರೀನನ್ನು ಎಳೆದಳು. ತೆಂಗಿನಕಾಯಿ ಉರುಳಿತು. ಕುಂಕುಮದ ಬಟ್ಟಲು ಮಲ್ಲರೆಡ್ಡಿಯ ಬಿಳಿ ಅಂಗಿಯ ಮೇಲೆ ಚೆಲ್ಲಿತು. ಮೌಲಾಸಾಬ ಇನ್ನೊಂದು ತುದಿ ಹಿಡಿದ.

ತಂತಿ ಸಿಕ್ಕಿಸಿ ಗುಂಡಿ ಒತ್ತಿದಳು. ಹಳೆಯ ಸ್ಕ್ರೀನು ಮಿಣುಕಿತು. ವಿಭೂತಿಯ ಮೂರು ಪಟ್ಟೆಗಳ ಹಿಂದೆ ಏನೋ ಅಕ್ಷರಗಳು ಕಂಡವು. ಸೆರಗಿನಿಂದ ಒರೆಸಿದಳು. ಮೂರು ಸಾಲು. ಅವಳು ನೆನಪಿಟ್ಟುಕೊಂಡಿದ್ದ ಎರಡನೆಯ ಜಾಗದಲ್ಲಿ ಈಗ ಎಲ್ಲ ಅಳಿಸುವ ಸಾಲು ಕೂತಿತ್ತು. ಹಳೆಯ ಆವೃತ್ತಿ ಮೂರನೆಯದು. ಅದನ್ನೇ ಆಯ್ದು ಎಂಟರ್ ಒತ್ತಿದಳು.

ಊರಿನ ಮೇಲೆ ಮೊದಲು ಒಂದು ಗುಂಯ್ ಎಂಬ ಸದ್ದು, ಆಮೇಲೆ ಬಟ್ಟೆ ಜಾಡಿಸುವಂಥ ಸದ್ದು ಕೇಳಿಸಿತು. ಹಾಯಿಗಳು ಒಂದಾದ ಮೇಲೊಂದು ಬಿಚ್ಚಿಕೊಂಡವು. ಮಾಳಿಗೆಗಳಿಂದ ಹೆಂಗಸರ ಬೈಗುಳ ಕೇಳಿಬಂತು.

ಚನ್ನಬಸವನ ಜ್ವರ ಇಳಿಯಲು ಮಧ್ಯಾಹ್ನವಾಯಿತು. ಅಷ್ಟರ ತನಕ ಶಂಕ್ರಮ್ಮ ಕದಲಿರಲಿಲ್ಲ. ಹೋಗುವಾಗ, "ಒಂದೀಟು ಹೊತ್ತು ಬಿಸಿಲು ಇಟ್ಟಿದ್ರ ಮೆಣಸಿನಕಾಯಿ ಒಣಗಿ ಹೋಗ್ತಿದ್ವು" ಎಂದು ಗೊಣಗಿದಳು. ಸುಗಂಧಾ ಮೊದಲ ಸಲ ಅವಳನ್ನು ಬಾಗಿಲ ತನಕ ಕಳಿಸಿ ಬಂದಳು. ಚನ್ನಬಸವ ದಿಂಬಿನ ಕೆಳಗಿಂದ ಬಾಡಿದ ಬನ್ನಿ ಎಲೆ ತೆಗೆದು ಹೆಂಡತಿಯ ಕೈಗಿಟ್ಟು, "ತಗೋ, ಬಂಗಾರದಂಗ ಇರೋಣು" ಎಂದ.

ಅಧ್ಯಕ್ಷರು ಬಂದದ್ದು ಸಂಜೆಗೆ. ಅಷ್ಟರಲ್ಲಿ ಊರ ತುಂಬ ಸುದ್ದಿ ಹಬ್ಬಿತ್ತು: ನೆರಳಮ್ಮ ಮುನಿದಿದ್ದಳಂತೆ, ಪೂಜೆಗಿಟ್ಟ ಹಳೇ ಸ್ಕ್ರೀನಿನಲ್ಲಿ ಪ್ರತ್ಯಕ್ಷಳಾಗಿ ಅಪ್ಪಣೆ ಕೊಟ್ಟಳಂತೆ. ಅಧ್ಯಕ್ಷರು ಸ್ಕ್ರೀನಿಗೆ ಉದ್ದಂಡ ನಮಸ್ಕಾರ ಹಾಕಿ ಭಾಷಣ ಮಾಡಿದರು. ಆ ಸ್ಕ್ರೀನನ್ನು ಬಿಚ್ಚಿ, ಹೆಬ್ಬಾಗಿಲಲ್ಲಿ ಗಾಜಿನ ಮಂಟಪ ಕಟ್ಟಿಸಿ ಒಳಗಿಡಬೇಕೆಂದು ಮಲ್ಲರೆಡ್ಡಿ ಸೂಚಿಸಿದ. ಚಪ್ಪಾಳೆ ಬಿತ್ತು. ಸುಗಂಧಾ ಎದ್ದು ನಿಂತು ಕಿಂಡಿಗಳ ವಿಷಯ ಹೇಳತೊಡಗಿದಳು. ಎರಡನೆಯ ಕಿಂಡಿಗೆ ಬರುವಷ್ಟರಲ್ಲಿ ಅಧ್ಯಕ್ಷರು ಗಡಿಯಾರ ನೋಡಿಕೊಂಡರು, ಮಲ್ಲರೆಡ್ಡಿ ಆಕಳಿಸಿದ.

ಬಿಚ್ಚಿದರೆ ಮುಂದಿನ ವರ್ಷ ಇದೇ ಕತೆ. ಇನ್ನೊಂದು ಸುತ್ತೋಲೆ ಬರೆಯಬಹುದು, ಹಾರ ಹಾಕಲು ಇನ್ನೊಂದು ಮೊಳೆ ಸಿಕ್ಕೀತು. ಅವಳು ಮಾತು ನಿಲ್ಲಿಸಿ ಮೌಲಾಸಾಬನ ಕಡೆ ತಿರುಗಿದಳು.

"ಅರಿಶಿಣ ದಾರ ಅದ ಏನು?"

ಅವನು ಜೇಬಿನಿಂದಲೇ ತೆಗೆದುಕೊಟ್ಟ. ಅವಳು ಸ್ಕ್ರೀನಿನ ತಂತಿಯನ್ನು ಯಂತ್ರದ ಕಿಂಡಿಗೆ ಸೇರಿಸಿ ಬಿಗಿಯಾಗಿ ಸುತ್ತಿ ಗಂಟು ಹಾಕಿದಳು. ಕುಂಕುಮ ಹಚ್ಚಿದಳು. ನೆರೆದವರತ್ತ ತಿರುಗಿದಳು.

"ಕೇಳ್ರಿ ಎಲ್ಲಾರೂ. ಈ ತಂತಿನ ನೆರಳಮ್ಮನ ಜೀವ. ಇದನ್ನ ಬಿಚ್ಚಿದವರ ಮನ್ಯಾಗ ದೀಪ ಉಳಿಯಂಗಿಲ್ಲ. ಮಷೀನು ಮಲಗಿಸಿದವರ ಮನ್ಯಾಗೂ ಅಷ್ಟ!"

ಎಂದೂ ಕೈಮುಗಿಯದವಳ ಬಾಯಲ್ಲಿ ಬಂದ ಮಾತಾದ್ದರಿಂದ ಅದಕ್ಕೆ ಇನ್ನಷ್ಟು ತೂಕ ಬಂತು. ಅಧ್ಯಕ್ಷರು ಕೆನ್ನೆ ಕೆನ್ನೆ ಬಡಿದುಕೊಂಡರು. ಮಲ್ಲರೆಡ್ಡಿ ಎರಡು ಹೆಜ್ಜೆ ಹಿಂದೆ ಸರಿದ. ಸುಗಂಧಾ ಅವರೆಲ್ಲರನ್ನೂ ಒಮ್ಮೆ ನೋಡಿದಳು. ಇಷ್ಟು ಅಗ್ಗದ ತಲೆಗಳೇ ಎನಿಸಿತು.

ಎಲ್ಲರೂ ಹೋದ ಮೇಲೆ ಅವಳು ಮೌಲಾಸಾಬನನ್ನು ಕೇಳಿದಳು, "ಬೆಳಿಗ್ಗೆ ಏನೋ ಹೇಳಾಕ ಬಂದಿದ್ದೆಲ್ಲ, ಏನದು?"

"ಏನಿಲ್ರೀ ಅಕ್ಕಾರ. ಹಳೇ ಸ್ಕ್ರೀನು ತಗದು ಪೂಜಿಗೆ ಇಟ್ಟೀವಿ, ನೀವೂ ಒಂದೀಟು ಕುಂಕುಮ ಹಚ್ಚಿರಿ ಅಂತ."

ಅಷ್ಟೇ. ಆ ಒಂದು ವಾಕ್ಯ ಪೂರ್ತಿ ಕೇಳಿಸಿಕೊಂಡಿದ್ದರೆ ಸೂರ್ಯ ಕಂಬ ದಾಟುವ ಮುಂಚೆ ಹಾಯಿ ಬಿಚ್ಚಬಹುದಿತ್ತು. ಚನ್ನಬಸವನ ತುಟಿ ಒಡೆಯುತ್ತಿರಲಿಲ್ಲ. ಅವಳು ಮನೆಗೆ ಹೊರಟಳು.

ಮರುವರ್ಷದ ಆಯುಧ ಪೂಜೆಯಲ್ಲಿ ಯಂತ್ರ ಮಲಗಲಿಲ್ಲ. ಓಡುತ್ತಿರುವ ಯಂತ್ರಕ್ಕೇ ಆರತಿ ಎತ್ತಿದರು. ಅರಿಶಿಣ ದಾರದ ಮೇಲೆ ಹತ್ತಾರು ದಾರಗಳಾಗಿದ್ದವು, ತಂತಿ ಕುಂಕುಮದಲ್ಲಿ ಹೂತುಹೋಗಿತ್ತು. ಊರ ಹೆಂಗಸರು ಸಂಡಿಗೆಯ ಅರ್ಜಿಯನ್ನು ಈಗ ಮಂಡಳಿಗೆ ಕೊಡದೆ ನೇರವಾಗಿ ಅದಕ್ಕೇ ಕಟ್ಟಿ ಹೋಗುತ್ತಿದ್ದರು. ಸುಗಂಧಾ ಮೂಲೆಯಲ್ಲಿ ಕೈಕಟ್ಟಿ ನಿಂತು, ಆರತಿ ತಟ್ಟೆ ಬಂದಾಗ ಮುಖ ತಿರುಗಿಸಿದಳು. ಮಂಡಕ್ಕಿಯನ್ನೂ ಮುಟ್ಟಲಿಲ್ಲ.

ಎಲ್ಲರೂ ಹೊರಟ ಮೇಲೆ ಫ್ಯಾನುಗಳ ಸದ್ದು ಸರಿಯಾಗಿದೆಯೇ ಎಂದು ನೋಡಲು ಯಂತ್ರದ ಹಿಂದಕ್ಕೆ ಹೋದಳು. ಕಿಂಡಿ ಬಿಗಿಯಾಗಿದೆ. ತಂತಿ ಸರಿಯಾಗಿದೆ. ಅಂಗಳದಾಚೆ, ಈ ತಂತಿಯ ಇನ್ನೊಂದು ತುದಿಯಲ್ಲಿ ಎಂಬಂತೆ, ಚನ್ನಬಸವ ಚಹಾಕ್ಕಾಗಿ ಕಾಯುತ್ತಿದ್ದ. ಅವಳು ಬೆರಳಿನಿಂದ ಗಂಟನ್ನು ಒತ್ತಿ ನೋಡಿದಳು. ಬೆರಳು ತಾನಾಗಿ ಮೇಲೆದ್ದು ಎರಡೂ ಕಣ್ಣಿಗೆ ತಗುಲಿ ಬಂತು.

ಮೌಲಾಸಾಬ ಬಾಗಿಲಲ್ಲಿ ನಿಂತಿದ್ದ. ನೋಡಿದನೋ ಇಲ್ಲವೋ, ಮುಖ ಆ ಕಡೆ ಮಾಡಿಕೊಂಡ.

ಮನೆ ಮುಟ್ಟುವ ತನಕ ಸುಗಂಧಾ ಆ ಕೈಯನ್ನು ಮನಸಾರೆ ಬೈಯುತ್ತ ಹೋದಳು.